ಮಾರ್ಚ್ ರಾತ್ರಿ ಮೀನು ಬೇಟೆ: ‘ಈಜು ಬಂದರೆ ಸಾಕು’ ಎನ್ನುವುದು ಎಷ್ಟು ನಿಜ?

ಅಮೆರಿಕದ ಪೂರ್ವ ಕರಾವಳಿಯಲ್ಲಿ ಮಾರ್ಚ್ ಬಂತೆಂದರೆ ಸ್ಟ್ರೈಪ್ಡ್ ಬಾಸ್ ಮೀನಿನ ಬೇಟೆ ಶುರು. ಬೆಳ್ಳಿ ಮೈಮೇಲೆ ಏಳೆಂಟು ಕಪ್ಪು ಗೆರೆಗಳಿರುವುದರಿಂದ ಈ ಹೆಸರು. ಸಮುದ್ರದಲ್ಲಿ ಬೆಳೆಯುವ ಇದು ಮೊಟ್ಟೆಯಿಡಲು ಹಡ್ಸನ್, ಡೆಲವೇರ್‌ನಂಥ ನದಿಗಳಿಗೆ ಬರುತ್ತದೆ. ನ್ಯೂಜೆರ್ಸಿಯ ನದಿ, ಕೊಲ್ಲಿಗಳಲ್ಲಿ ಜನವರಿ-ಫೆಬ್ರವರಿಯ ನಿಷೇಧ ಮುಗಿದು ಮಾರ್ಚ್ 1ರಿಂದ ಗಾಳ ಹಾಕಬಹುದು. ಕನ್ನಡಿಗರು ಸಾಕಷ್ಟಿರುವ ರಾಜ್ಯವದು. ನಿಮ್ಮ ಮಗನೋ, ತಂಗಿಯ ಮನೆಯವರೋ ಅಲ್ಲಿದ್ದರೆ ಇದನ್ನು ಅವರಿಗೂ ಕಳಿಸಿ.

ರಾತ್ರಿಯೇ ಮೀನು ಹೆಚ್ಚು ಸಿಗುತ್ತದೆಯೇ?

ಅರ್ಧ ನಿಜ. ಈ ಮೀನು ಮಬ್ಬು ಬೆಳಕಿನಲ್ಲಿ ಚೆನ್ನಾಗಿ ಬೇಟೆಯಾಡುತ್ತದೆ. ಸೇತುವೆಯ ದೀಪದ ಬೆಳಕು ಮತ್ತು ನೆರಳು ಸೇರುವ ಗೆರೆಯಲ್ಲಿ, ಕತ್ತಲ ಬದಿಯಲ್ಲಿ ಕಾದು ನಿಂತು, ಬೆಳಕಿನಲ್ಲಿ ಹಾಯುವ ಸಣ್ಣ ಮೀನನ್ನು ಹಿಡಿಯುತ್ತದೆ. ಆದರೆ ಮಾರ್ಚ್ ಮೊದಲ ವಾರಗಳಲ್ಲಿ ನೀರು ತೀರಾ ತಣ್ಣಗಿದ್ದು ಮೀನು ಮಂಕಾಗಿರುತ್ತದೆ. ಆಗ ಬಿಸಿಲಿಗೆ ಕಪ್ಪು ಕೆಸರು ಕಾದು, ಮಧ್ಯಾಹ್ನದ ಮೇಲೆ ಆಳವಿಲ್ಲದ ಜಾಗದ ನೀರು ಒಂದೆರಡು ಡಿಗ್ರಿ ಏರಿದಾಗಲೇ ಅದು ಚುರುಕಾಗುವುದು. ಅಂದರೆ ಬೇಸಿಗೆಯ ‘ರಾತ್ರಿ ಸೂತ್ರ’ ಇಲ್ಲಿ ಹಾಗೇ ನಡೆಯುವುದಿಲ್ಲ.

ಈಜು ಬಂದರೆ ಭಯವಿಲ್ಲವೇ?

ಇದು ಸುಳ್ಳು. ನಮಗೆ ಹೆಚ್ಚು ಆತಂಕವಿರುವುದೂ ಇಲ್ಲೇ. ಆ ಕಾಲದ ನೀರು ಸಾಮಾನ್ಯವಾಗಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ, ಫ್ರಿಜ್ ನೀರಿಗಿಂತ ಸ್ವಲ್ಪವೇ ಮೇಲು. ಅದರಲ್ಲಿ ಬಿದ್ದ ತಕ್ಷಣ ದೇಹ ತಾನಾಗಿಯೇ ಜೋರಾಗಿ ಉಸಿರೆಳೆದುಕೊಳ್ಳುತ್ತದೆ. ಆ ಕ್ಷಣ ಬಾಯಿ ನೀರೊಳಗಿದ್ದರೆ ಎಷ್ಟೇ ನುರಿತ ಈಜುಗಾರನಾದರೂ ಮುಳುಗಬಹುದು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು ‘1-10-1’ ಎಂದು ಸರಳಗೊಳಿಸಿದ್ದಾರೆ: ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಆ ಒಂದು ಗಂಟೆ ಸಿಗಬೇಕಾದರೆ ಲೈಫ್ ಜಾಕೆಟ್ ಮೈಮೇಲಿರಬೇಕು. ಕಾರಿನ ಡಿಕ್ಕಿಯಲ್ಲಿದ್ದರೆ ಪ್ರಯೋಜನವಿಲ್ಲ.

ಎದೆಮಟ್ಟದ ರಬ್ಬರ್ ಉಡುಪಿಗೆ (ವೇಡರ್ಸ್) ನೀರು ತುಂಬಿದರೆ ಅದು ಕೆಳಗೆಳೆಯುತ್ತದೆ ಎಂಬುದೂ ಪೂರ್ತಿ ಸರಿಯಲ್ಲ. ನೀರೊಳಗೆ ನೀರಿಗೆ ಭಾರವಿಲ್ಲ. ತೊಂದರೆ ಶುರುವಾಗುವುದು ಎದ್ದು ದಡ ಹತ್ತುವಾಗ. ಸೊಂಟದ ಬೆಲ್ಟ್ ಬಿಗಿಯಾಗಿದ್ದರೆ ಒಳಗೆ ಹೋಗುವ ನೀರು ಕಡಿಮೆ.

ಒಂದು ಪೆಗ್ ಹಾಕಿದರೆ ಮೈ ಬೆಚ್ಚಗಾಗುತ್ತದೆಯೇ? ಅನಿಸುತ್ತದೆ, ಅಷ್ಟೇ. ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಶಾಖ ಇನ್ನೂ ಬೇಗ ಹೊರಹೋಗುತ್ತದೆ.

ಹುಳಿ, ಅರಿಶಿನ ಹಾಕಿ ತೊಳೆದರೆ ವಿಷ ಹೋಗುತ್ತದೆಯೇ?

ಇಲ್ಲ. ಹೋಗುವುದು ವಾಸನೆ ಮಾತ್ರ. 1947ರಿಂದ 1977ರವರೆಗೆ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಗಳಿಂದ ಪಿಸಿಬಿ ಎಂಬ ರಾಸಾಯನಿಕ ಹಡ್ಸನ್ ನದಿ ಸೇರಿತು. ಅದು ಇಂದಿಗೂ ಅಲ್ಲಿನ ಮೀನಿನ ಕೊಬ್ಬಿನಲ್ಲಿದೆ. ಚರ್ಮ, ಕೊಬ್ಬು ತೆಗೆದು, ಕೊಬ್ಬು ಕೆಳಗೆ ಬಸಿಯುವಂತೆ ಸುಟ್ಟರೆ ಸ್ವಲ್ಪ ಕಡಿಮೆಯಾಗುತ್ತದೆ. ನಮ್ಮ ಮೀನು ಸಾರಿನಲ್ಲಾದರೆ ಕರಗಿದ ಕೊಬ್ಬೆಲ್ಲ ಸಾರಿಗೇ ಸೇರುತ್ತದೆ! ಪಾದರಸ ಇರುವುದು ಮಾಂಸದಲ್ಲಿ, ಅದನ್ನು ಯಾವ ಅಡುಗೆಯೂ ತೆಗೆಯಲಾರದು. ಗರ್ಭಿಣಿಯರು, ಮಗು ಬಯಸುವವರು ಮತ್ತು ಮಕ್ಕಳಿಗೆ ಇಂಥ ನೀರಿನ ಮೀನಿನ ಬಗ್ಗೆ ಆಯಾ ರಾಜ್ಯದ ಆರೋಗ್ಯ ಇಲಾಖೆ ಕಟ್ಟುನಿಟ್ಟಿನ ಸಲಹೆ ಪ್ರಕಟಿಸುತ್ತದೆ. ಯಾವ ನದಿಯ ಮೀನು ಎಂದು ನೋಡಿಕೊಂಡೇ ಒಲೆ ಹಚ್ಚಿ.

ಎಷ್ಟು ಬೇಕಾದರೂ ಹಿಡಿಯಬಹುದೇ?

ಇಲ್ಲ. ಈ ಮೀನು ಎಷ್ಟು ಕಡಿಮೆಯಾಗಿತ್ತೆಂದರೆ 1985ರಲ್ಲಿ ಮೇರಿಲ್ಯಾಂಡ್ ಇದರ ಬೇಟೆಯನ್ನೇ ನಿಲ್ಲಿಸಿತ್ತು. ನ್ಯೂಜೆರ್ಸಿಯಲ್ಲಿ 2023ರಲ್ಲಿ ಬಂದ ನಿಯಮದಂತೆ ಒಬ್ಬರಿಗೆ ದಿನಕ್ಕೆ ಒಂದೇ ಮೀನು, ಉದ್ದ 28ರಿಂದ 31 ಇಂಚಿನೊಳಗೆ. ನಿಜವಾದ ಎರೆ ಬಳಸುವುದಾದರೆ ದುಂಡು ಕೊಕ್ಕೆ (ಸರ್ಕಲ್ ಹುಕ್) ಕಡ್ಡಾಯ. ಅದು ಹೊಟ್ಟೆಗಿಳಿಯದೆ ಬಾಯಂಚಿಗೆ ಸಿಗುವುದರಿಂದ, ವಾಪಸ್ ಬಿಟ್ಟ ಮೀನು ಬದುಕುವ ಸಾಧ್ಯತೆ ಹೆಚ್ಚು. ನಿಯಮ ಆಗಾಗ ಬದಲಾಗುತ್ತದೆ. ಹೊರಡುವ ದಿನ ರಾಜ್ಯದ ಅಧಿಕೃತ ವೆಬ್‌ಸೈಟ್ ನೋಡಿ, ಹಳೆಯ ಸ್ಕ್ರೀನ್‌ಶಾಟ್ ನಂಬಬೇಡಿ.