ಓಪನ್‌ಎಸ್‌ಎಸ್‌ಎಚ್

ಒಂದು ಗಣಕದ ಮುಂದೆ ಕುಳಿತು ದೂರದ ಇನ್ನೊಂದನ್ನು ಜಾಲದ ಮೂಲಕ ನಡೆಸುವಾಗ, ಅವೆರಡರ ನಡುವಣ ಸಂವಾದವನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಪರರ ಕಣ್ಣಿನಿಂದ ಕಾಪಾಡುವ ಮುಕ್ತ ತಂತ್ರಾಂಶ. ಲಿನಕ್ಸ್ ಸರ್ವರುಗಳ ದೈನಂದಿನ ಆಡಳಿತವು ಬಹುಮಟ್ಟಿಗೆ ಇದನ್ನೇ ಆಶ್ರಯಿಸಿದೆ.

ಇದಕ್ಕೆ ಮುನ್ನ ರೂಢಿಯಲ್ಲಿದ್ದ ಟೆಲ್‌ನೆಟ್, ಆರ್‌ಲಾಗಿನ್ ಮೊದಲಾದ ಸಾಧನಗಳು, ಜಾಲವು ಪರಸ್ಪರ ವಿಶ್ವಾಸವುಳ್ಳ ಕೆಲವರದೇ ಆಗಿದ್ದ ಕಾಲದ ಸೃಷ್ಟಿಗಳಾದುದರಿಂದ, ಪಾಸ್‌ವರ್ಡನ್ನು ಬೆರಳಚ್ಚಿಸಿದ ಅಕ್ಷರಗಳಲ್ಲಿಯೇ ತಂತಿಯ ಮೇಲೆ ಸಾಗಿಸುತ್ತಿದ್ದುವು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹುದುಗಿಸಿದ್ದ ಪ್ರೋಗ್ರಾಮೊಂದು ಇಂಥ ಸಾವಿರಾರು ಪಾಸ್‌ವರ್ಡುಗಳನ್ನು ಕೂಡಿಹಾಕಿದ್ದುದು ಪತ್ತೆಯಾಗಲು, ಅಲ್ಲಿಯ ಸಂಶೋಧಕರಾದ ತತು ಯುಲೊನೆನ್ ಎಸ್‌ಎಸ್‌ಎಚ್ ಎಂಬ ಹೊಸ ಸಾಧನವನ್ನು ರಚಿಸಿ, ಅದೇ ವರ್ಷದ ಜುಲೈ ತಿಂಗಳಲ್ಲಿ ಮೂಲಸಂಕೇತಸಹಿತವಾಗಿ ಲೋಕಕ್ಕೆ ಬಿಟ್ಟುಕೊಟ್ಟರು. ಕಡತಗಳನ್ನು ಸಾಗಿಸುವ ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23 ಎಂದು ಪೋರ್ಟ್ ಸಂಖ್ಯೆಗಳು ನಿಗದಿಯಾಗಿದ್ದುವು. ಆ ಎರಡರ ಸ್ಥಾನವನ್ನೂ ತಮ್ಮ ಸಾಧನವೇ ಆಕ್ರಮಿಸಬೇಕೆಂಬ ಹವಣಿಕೆಯಿಂದ ಅವರು ನಡುವೆ ತೆರವಾಗಿದ್ದ 22ನ್ನು ಕೋರಲು, ಅದು ಮರುದಿನವೇ ಒಂದು ಮಿಂಚಂಚೆಯಲ್ಲಿ ಮಂಜೂರಾಯಿತು. ಅಂದಿನ ಜಾಲದ ಗ್ರಾಮಸಹಜ ಸರಳತೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವರ್ಷಾಂತ್ಯದಲ್ಲಿ ಯುಲೊನೆನ್ ಕಂಪನಿಯೊಂದನ್ನು ಸ್ಥಾಪಿಸಿದ ತರುವಾಯ ಪರವಾನಗಿಯ ನಿಬಂಧನೆಗಳು ಆವೃತ್ತಿಯಿಂದ ಆವೃತ್ತಿಗೆ ಬಿಗಿಯಾಗುತ್ತ ಹೋದುವು. ಆದರೆ ಒಮ್ಮೆ ಮುಕ್ತವಾಗಿ ಕೊಟ್ಟ ಮೂಲಸಂಕೇತವನ್ನು ಮರಳಿ ಪಡೆಯುವುದು ಕೊಟ್ಟವನಿಗೂ ಸಾಧ್ಯವಲ್ಲ. ಈ ಇತಿಹಾಸದ ತಿರುವೆಲ್ಲ ಇರುವುದು ಇಲ್ಲಿಯೇ. 1999ರಲ್ಲಿ ಬ್ಯೋರ್ನ್ ಗ್ರೋನ್ವಾಲ್ ಎಂಬವರು ಹಳೆಯ ಉದಾರ ಪರವಾನಗಿಯ 1.2.12ನೆಯ ಆವೃತ್ತಿಯನ್ನು ಹುಡುಕಿ ತೆಗೆದು ದುರಸ್ತಿಗೆ ತೊಡಗಿದರು. ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿದ್ದ ಥಿಯೊ ಡಿ ರಾಟ್ ಅವರ ನಾಯಕತ್ವದ, ಓಪನ್‌ಬಿಎಸ್‌ಡಿ ಎಂಬ ಕಾರ್ಯವ್ಯವಸ್ಥೆಯ ತಂಡವು ಅದನ್ನೇ ಬುನಾದಿಯಾಗಿ ಹಿಡಿದು, ಪೇಟೆಂಟಿಗೆ ಒಳಪಟ್ಟ ಭಾಗಗಳನ್ನು ಕಿತ್ತುಹಾಕಿ, ಆ ವರ್ಷದ ಡಿಸೆಂಬರ್ 1ರಂದು ತನ್ನ 2.6ನೆಯ ಆವೃತ್ತಿಯೊಡನೆ ಓಪನ್‌ಎಸ್‌ಎಸ್‌ಎಚ್ ಅನ್ನು ಹೊರತಂದಿತು. ಅಮೆರಿಕದ ಕಾನೂನು ಪ್ರಬಲ ಗೂಢಲಿಪಿಯ ರಫ್ತಿಗೆ ತಡೆಯೊಡ್ಡಿದ್ದ ಆ ದಿನಗಳಲ್ಲಿ ತಂಡದ ನೆಲೆ ಕೆನಡಾದಲ್ಲಿದ್ದುದು ಅನುಕೂಲವೇ ಆಯಿತು. ಇತರ ಕಾರ್ಯವ್ಯವಸ್ಥೆಗಳಿಗೆ ಹೊಂದುವ ರೂಪವೂ ಬೇಗನೆ ಸಿದ್ಧವಾಯಿತು.

2002ರಲ್ಲಿ ನೀಲ್ಸ್ ಪ್ರೊವೊಸ್ ತಂದ ಅಧಿಕಾರವಿಭಜನೆಯು ಇದರ ಅತ್ಯಂತ ಬುದ್ಧಿವಂತ ಸುಧಾರಣೆಯೆಂದು ಹೇಳಬಹುದು: ಹೊರಗಿನ ಅಪರಿಚಿತನೊಡನೆ ಮಾತನಾಡುವ ಭಾಗಕ್ಕೆ ಯಾವ ಅಧಿಕಾರವನ್ನೂ ಕೊಡದೆ, ಪೂರ್ಣಾಧಿಕಾರವನ್ನು ಚಿಕ್ಕದೊಂದು ಕಾವಲು ಭಾಗದಲ್ಲಿ ಮಾತ್ರ ಇರಿಸಿದುದರಿಂದ, ಮೊದಲನೆಯದು ವಶವಾದರೂ ಯಂತ್ರ ವಶವಾಗದು.

ಆದರೂ ಇದಕ್ಕೊದಗಿದ ದೊಡ್ಡ ಅಪಾಯಗಳು ಅಕ್ಕಪಕ್ಕದಿಂದಲೇ ಬಂದುವು. ಡೆಬಿಯನ್ ಲಿನಕ್ಸ್‌ನವರು 2006ರಲ್ಲಿ, ಕೀಲಿಗಳ ತಯಾರಿಕೆಗೆ ಇದು ನೆಚ್ಚಿದ್ದ ಓಪನ್‌ಎಸ್‌ಎಸ್‌ಎಲ್ ಗ್ರಂಥಾಲಯದ ಒಂದೆರಡು ಸಾಲುಗಳನ್ನು ಅನವಶ್ಯಕವೆಂದು ಬಗೆದು ನಿಷ್ಕ್ರಿಯಗೊಳಿಸಲು, ಊಹಾತೀತವಾಗಿರಬೇಕಾದ ಕೀಲಿಗಳು ಒಂದೊಂದು ಬಗೆಯಲ್ಲಿ 32,767ಕ್ಕೆ ಇಳಿದುವು. 2008ರ ಮೇ ತಿಂಗಳವರೆಗೆ ಇದು ಬಯಲಾಗಲಿಲ್ಲ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆಂದು ಕೆದಕಿದಾಗ, ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದಲ್ಲಿ ಅಡಗಿಸಿದ್ದ ಹಿಂಬಾಗಿಲು ಸಿಕ್ಕಿತು. ಓಪನ್‌ಎಸ್‌ಎಸ್‌ಎಚ್‌ಗೆ ಎಕ್ಸ್‌ಝಡ್‌ನ ಹಂಗೇ ಇರಲಿಲ್ಲ. ಕೆಲವು ಲಿನಕ್ಸ್ ವಿತರಕರು ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಗೆ ಸೂಚನೆ ಕಳುಹಿಸಲೆಂದು ತಾವೇ ಹಚ್ಚಿದ ತೇಪೆಯ ಮೂಲಕ ಅದು ಒಳಹೊಕ್ಕಿತ್ತು. ಅದೇ ವರ್ಷದ ಜುಲೈನ 9.8ನೆಯ ಆವೃತ್ತಿಯಲ್ಲಿ ತಂಡದವರು ಆ ಸೂಚನೆ ಕಳುಹಿಸುವ ಕೆಲಸವನ್ನು ಪರಗ್ರಂಥಾಲಯದ ನೆರವಿಲ್ಲದೆ ತಾವೇ ಬರೆದು ಸೇರಿಸಿದರು.