ಅಂಗಳಕ್ಕೆ ಬಂದ ಶಾಲೆ

ಭಾನುವಾರ ಬೆಳಿಗ್ಗೆ ಚಿಕ್ಕ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ಕುಳಿತವರಿಗೆ ಒಂದು ವಿಷಯ ಬೇಗ ತಿಳಿಯುತ್ತದೆ: ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರೂ ಕುಳಿತಲ್ಲಿ ಕುಳಿತಿರುವುದಿಲ್ಲ. ಒಬ್ಬ ಕಿಟಕಿಗೆ ಓಡುತ್ತಾನೆ, ಇನ್ನೊಬ್ಬಳಿಗೆ ನೀರಡಿಕೆ. "ಸುಮ್ನೆ ಕೂತ್ಕೊಳ್ಳಿ" ಎಂದು ನಾನೂ ಕೂಗಿದ್ದೇನೆ. ಈ ಕೂಗಿಗೂ ಒಂದು ಇತಿಹಾಸವಿದೆ.

ನಮ್ಮ ಅಜ್ಜ, ಮುತ್ತಜ್ಜಂದಿರ ಕಾಲದ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿಟ್ಟು ತಿದ್ದುವುದು, ಒಟ್ಟಾಗಿ ಮಗ್ಗಿ ಹೇಳುವುದು ಪಾಠದ ರೀತಿ. ತಪ್ಪಿದರೆ ಬೆತ್ತ, ಬಸ್ಕಿ, ಇನ್ನೂ ಮಿಕ್ಕಿದರೆ ಕೈಗೆ ಹಗ್ಗ ಕಟ್ಟಿ ತೂಗಿಬಿಡುವ ಕೋದಂಡ. ಆದರೆ ಆ ಮಠಗಳಲ್ಲಿ ಬೆತ್ತವೊಂದೇ ಇರಲಿಲ್ಲ. ಕಲಿತ ದೊಡ್ಡ ಹುಡುಗ ಚಿಕ್ಕವರಿಗೆ ಹೇಳಿಕೊಡುತ್ತಿದ್ದ. 1789ರಲ್ಲಿ ಮದ್ರಾಸಿನ ಅನಾಥಾಲಯದ ಹೊಣೆ ಹೊತ್ತ ಆಂಡ್ರ್ಯೂ ಬೆಲ್, ಮಲಬಾರಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದ. ಮಕ್ಕಳಿಂದಲೇ ಮಕ್ಕಳಿಗೆ ಪಾಠ ಮಾಡಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಅಚ್ಚಾಯಿತು. ಇಂಗ್ಲೆಂಡಿನಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಎಂದೇ ಹೆಸರು.

ನನಗೆ ಹೆಚ್ಚು ಹತ್ತಿರವೆನಿಸಿದ್ದು ನಮ್ಮ ಥಾಣೆಯ ಕತೆ. ಮುಂಬಯಿಯಲ್ಲಿ ಹುಟ್ಟಿದ ತಾರಾಬಾಯಿ ಮೋಡಕ್ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಂದಿಗೆ ಮಾಂಟೆಸ್ಸೊರಿ ಪದ್ಧತಿಯಲ್ಲಿ ಕೆಲಸ ಮಾಡಿದವರು. 1945ರಲ್ಲಿ ಅವರು ಆಗಿನ ಥಾಣೆ ಜಿಲ್ಲೆಯ, 2014ರಿಂದ ಪಾಲ್ಘರ್‌ಗೆ ಸೇರಿದ, ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಣ ಕೇಂದ್ರ ತೆರೆದರು. ಜೊತೆಗೆ ಬಂದವರು ಅನುತಾಯಿ ವಾಘ್. ಹದಿಮೂರಕ್ಕೇ ಮದುವೆಯಾಗಿ, ತಿಂಗಳುಗಳಲ್ಲೇ ವಿಧವೆಯಾಗಿ, ಹಟ ಹಿಡಿದು ಓದಿದ ಹೆಣ್ಣುಮಗಳು.

ಬಾಲವಾಡಿ ತೆರೆದರೂ ಬಡವರ ಮಕ್ಕಳು ಬರಲಿಲ್ಲ. ಬೇರೆಯವರಾಗಿದ್ದರೆ ಪೋಷಕರನ್ನು ಬೈಯುತ್ತಿದ್ದರೇನೋ. ಈ ಇಬ್ಬರು ಶಾಲೆಯನ್ನೇ ಮಕ್ಕಳ ಕೇರಿಯ ಅಂಗಳಕ್ಕೆ ಒಯ್ದರು. ಮರಾಠಿಯಲ್ಲಿ ಅಂಗಣ, ಅದೇ ಅಂಗನವಾಡಿ. ದುಬಾರಿ ಮಾಂಟೆಸ್ಸೊರಿ ಸಾಮಗ್ರಿಯ ಬದಲು ಚಿಪ್ಪು, ಬೀಜ, ಎಲೆ, ಬೆಣಚುಕಲ್ಲು. 1957ರಲ್ಲಿ ಕೋಸಬಾಡದ ಗುಡ್ಡಕ್ಕೆ ಹೋದಾಗ ಸಿಕ್ಕವರು ವಾರ್ಲಿ ಮಕ್ಕಳು. ದನ ಕಾಯುವವರಿಗೆ ಹುಲ್ಲುಗಾವಲಿನಲ್ಲೇ ಪಾಠ. ತಮ್ಮ ತಂಗಿಯರನ್ನು ಎತ್ತಿಕೊಂಡಿರಬೇಕಾದ ಹುಡುಗಿಯರಿಗಾಗಿ ಶಿಶುವಿಹಾರ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ಕೂಡಿಸಿದ 'ವಿಕಾಸವಾಡಿ'. ಮಗು ಯಾಕೆ ಪಾಠಕ್ಕೆ ನಿಲ್ಲುತ್ತಿಲ್ಲ ಎಂಬುದಕ್ಕೆ ಅವರು ಕಾರಣವನ್ನು ಮಗುವಿನ ಮನೆಯಲ್ಲಿ ಹುಡುಕಿದರು, ಸ್ವಭಾವದಲ್ಲಲ್ಲ. 1975ರ ಅಕ್ಟೋಬರ್ 2ರಂದು ಕೇಂದ್ರದ ಐಸಿಡಿಎಸ್ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂಗನವಾಡಿ ಎಂಬ ಪದ ಈಗ ನಮ್ಮದೇ ಆಗಿಬಿಟ್ಟಿದೆ.

ಅದೇ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು 1995ರಲ್ಲಿ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಕಟ್ಟಿದರು. ಪಠ್ಯಪುಸ್ತಕದ ಜಾಗದಲ್ಲಿ ಚಿತ್ರ ಗುರುತಿನ ಕಾರ್ಡುಗಳು, ಗೋಡೆಯಲ್ಲಿ ಕಲಿಕಾ ಏಣಿ. ಪ್ರತಿ ಮಗುವೂ ತಾನಿರುವ ಮೆಟ್ಟಿಲನ್ನು ತಾನೇ ನೋಡಿಕೊಂಡು ಕಾರ್ಡು ತೆಗೆದುಕೊಳ್ಳುತ್ತದೆ. (ನಮ್ಮ ಆಫೀಸಿನ ಸ್ಪ್ರಿಂಟ್ ಬೋರ್ಡೂ ಇಷ್ಟೇ, ಮಕ್ಕಳದ್ದು ಹೆಚ್ಚು ಚೆಂದ.) ಐದು ಗುಂಪುಗಳಲ್ಲಿ ಒಂದಕ್ಕೆ ಮಾತ್ರ ಶಿಕ್ಷಕರ ಪೂರ್ಣ ನೆರವು, ಬೇರೊಂದರಲ್ಲಿ ಗೆಳೆಯರೇ ಕಲಿಸುವವರು. ಕೂಲಿಮಠದ ಹಿರಿಯ ಹುಡುಗ ಬೆತ್ತವಿಲ್ಲದೆ ಮರಳಿ ಬಂದ ಹಾಗೆ. ಬೆತ್ತವನ್ನು ಕಾನೂನು ಪೂರ್ತಿ ಹೊರಗಿಟ್ಟದ್ದು 2010ರ ಏಪ್ರಿಲ್ 1ರಂದು, ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದಾಗ. ಇದೆಲ್ಲ ಸುಲಭವೇನಲ್ಲ. ಒಬ್ಬರೇ ಟೀಚರ್ ಐದು ಗುಂಪನ್ನು ನೋಡುವುದು ಎಷ್ಟು ಕಷ್ಟವೆಂದು ಹನ್ನೆರಡು ಮಕ್ಕಳಿರುವ ನನಗೇ ಗೊತ್ತು.

ಕಳೆದ ತಿಂಗಳು ಕುರ್ಚಿಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದೆವು. ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದ 'ಅ' ಮೇಲೆ ಹುಣಸೆಬೀಜ ಜೋಡಿಸಬೇಕು. ಗಲಾಟೆ ಅವತ್ತೂ ಇತ್ತು. ಬೀಜ ಸಾಲದೆ ಬಂದ ಗಲಾಟೆ.