ಬೋಲ್ಟ್ ಕಾಯುವ ತಂತಿ

ಬೋಲ್ಟಿನ ತಲೆಗೆ ಅಡ್ಡಲಾಗಿ ಕೊರೆದ ಸಣ್ಣ ತೂತು, ಅದರಲ್ಲಿ ಹಾಯಿಸಿದ ಸುಮಾರು 0.8 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಂತಿ, ಆ ತಂತಿಯನ್ನು ಹುರಿಮಾಡಿ ಪಕ್ಕದ ಬೋಲ್ಟಿಗೋ ಎಂಜಿನ್ನಿನ ಮೈಗೋ ಕಟ್ಟಿದ ಕಟ್ಟು: ಲಾಕ್‌ವೈರ್ ಎಂದರೆ ಇಷ್ಟೇ. ಇದು ಬೋಲ್ಟನ್ನು ಬಿಗಿ ಮಾಡುವುದಿಲ್ಲ, ಅದು ಪಾನಾದ ಕೆಲಸ. ಬಿಗಿಯಾದ ಬೋಲ್ಟು ಅದುರಾಟಕ್ಕೆ ಸಡಿಲಗೊಂಡು ತಿರುಗಲು ಹೊರಟರೆ ಅದನ್ನು ತಡೆದು ನಿಲ್ಲಿಸುವುದಷ್ಟೇ ತಂತಿಗೆ ಗೊತ್ತು. ಆದ್ದರಿಂದ ಎಳೆತದ ದಿಕ್ಕೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಬೋಲ್ಟು ಬಿಚ್ಚುವ ಕಡೆಗೆ ತಿರುಗಿದರೆ ತಂತಿ ಇನ್ನಷ್ಟು ಬಿಗಿಯಬೇಕು. ದಿಕ್ಕು ತಪ್ಪಿ ಕಟ್ಟಿದ ತಂತಿ ನೋಡಲು ಎಷ್ಟೇ ಚೆಂದವಿದ್ದರೂ ಇದ್ದೂ ಇಲ್ಲದ ಹಾಗೆ. ಈ ದಪ್ಪದ ತಂತಿಗೆ ಅಂಗುಲಕ್ಕೆ ಆರರಿಂದ ಎಂಟು ಹುರಿ ಸಾಕು. ಕಡಿಮೆಯಾದರೆ ಜೋಲುತ್ತದೆ, ಅತಿಯಾದರೆ ಪೆಡಸಾಗಿ ಮುರಿಯುತ್ತದೆ. ತುದಿಯನ್ನು ಒಳಕ್ಕೆ ಮಡಿಸದಿದ್ದರೆ ಮುಂದೆ ಕೈಹಾಕಿದವನ ಬೆರಳು ಕೊಯ್ಯುತ್ತದೆ. ಒಮ್ಮೆ ಬಿಚ್ಚಿದ ತಂತಿಯನ್ನು ಮತ್ತೆ ಬಳಸುವಂತಿಲ್ಲ.

ಈ ತಂತಿಗಿಂತ ಬಹಳ ಹಳೆಯ ಕಾವಲುಗಾರ ಬಂಡಿಯ ಕಡೆಗೀಲು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಎರೆಭೂಮಿಯಲ್ಲಿ ಗಾಲಿ ಅಚ್ಚಿನಿಂದ ಜಾರದಂತೆ ಕಾದದ್ದು ಅದೇ. ಹೇರಿನ ಭಾರವೆಲ್ಲ ಅಚ್ಚಿನ ಮೇಲೆ. ಗಾಲಿ ಹೊರಗೆ ಸರಿಯದಂತೆ ನೋಡಿಕೊಳ್ಳುವುದಷ್ಟೇ ಕೀಲಿನ ಪಾಲಿನದು. ಈ ಮೂರೂ ತಾಲೂಕುಗಳ ನೆಲ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. ಮೋಟಾರು ಗಾಡಿಯ ಅಚ್ಚಿನಲ್ಲಿ ಕಡೆಗೀಲಿನ ಜಾಗಕ್ಕೆ ಬಂದದ್ದು ಕೋಟೆಯ ತೆನೆಯಂತೆ ಕಚ್ಚುಬಿದ್ದ ನಟ್ಟು ಮತ್ತು ಆ ಕಚ್ಚಿನಲ್ಲಿ ತೂರಿ ಕಾಲಗಲಿಸುವ ಸ್ಪ್ಲಿಟ್ ಪಿನ್.

ಲಾಕ್‌ವೈರ್ ಮಾತ್ರ ರಸ್ತೆಯಿಂದ ಬಂದದ್ದಲ್ಲ, ವಿಮಾನದಿಂದ ಬಂದದ್ದು. ಆಕಾಶದಲ್ಲಿ ಬೋಲ್ಟು ಕಳಚಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ನೋಡುವಂತಿಲ್ಲವಲ್ಲ. ಕರ್ನಾಟಕದಲ್ಲಿ ಈ ಕಸುಬಿಗೆ ದೊಡ್ಡ ಶಾಲೆಯಾದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯೊಂದಿಗೆ ಅದನ್ನು ಸ್ಥಾಪಿಸಿದರು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಎರಡನೇ ಮಹಾಯುದ್ಧ ಬಿರುಸಾದಾಗ ಅದು ಅಮೆರಿಕದ ಸೇನಾ ವಿಮಾನಗಳ ದುರಸ್ತಿ ನೆಲೆಯಾಯಿತು. 1951ರಲ್ಲಿ ಅಲ್ಲೇ ತಯಾರಾದ ಎಚ್‌ಟಿ-2, 1964ರಲ್ಲಿ ಕಿರಣ್ ತರಬೇತಿ ವಿಮಾನಗಳು ಹಾರಿದವು. ಕಿರಣ್ ವಿಮಾನಗಳ ಸೂರ್ಯಕಿರಣ್ ಪ್ರದರ್ಶನ ತಂಡ 1996ರಲ್ಲಿ ರೂಪುಗೊಂಡದ್ದು ಕಲಬುರಗಿಯ ನೆರೆಯ ಬೀದರಿನ ವಾಯುನೆಲೆಯಲ್ಲಿ. ಹೀಗೆ ಆಳಂದದ ಗ್ಯಾರೇಜಿನವರ ಕೈಗೆ ಸಿಗದಿದ್ದರೂ ಈ ತಂತಿ ತೀರ ದೂರದ ವಸ್ತುವೇನಲ್ಲ.

ವಿಮಾನದಿಂದ ಮೋಟಾರ್‌ಸೈಕಲ್ಲಿಗೆ ತಂತಿ ಇಳಿದದ್ದು ರೇಸಿನ ಮೂಲಕ. ರೇಸ್ ಗಾಡಿಯ ಆಯಿಲ್ ಡ್ರೇನ್ ಬೋಲ್ಟ್ ಕಳಚಿದರೆ ಆಯಿಲ್ ಚೆಲ್ಲುವುದು ಅದೇ ಗಾಡಿಯ ಹಿಂದಿನ ಚಕ್ರಕ್ಕೆ, ಜಾರಿ ಬೀಳುವುದು ಹಿಂದೆ ಬರುತ್ತಿರುವ ಹತ್ತು ಮಂದಿ. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ ನಿಯಮಗಳು ಡ್ರೇನ್ ಬೋಲ್ಟಿಗೆ, ಆಯಿಲ್ ಕೊಳವೆಗಳಿಗೆ ತಂತಿ ಕಡ್ಡಾಯ ಮಾಡಿರುವುದು ಸವಾರನ ಸ್ವಂತ ಕ್ಷೇಮಕ್ಕಿಂತ ಹೆಚ್ಚಾಗಿ ಈ ಕಾರಣಕ್ಕೆ. ಬ್ರೇಕ್ ಕ್ಯಾಲಿಪರಿನ ಜೋಡಿ ಬೋಲ್ಟುಗಳನ್ನು ಒಂದಕ್ಕೊಂದು ಬೆಸೆಯುವುದೂ ರೂಢಿ. ಕೆಸರಿನ ಮೋಟೋಕ್ರಾಸಿನಲ್ಲಿ ಹ್ಯಾಂಡಲ್ಲಿನ ರಬ್ಬರ್ ಹಿಡಿಕೆ ಸುತ್ತಲೂ ಇದೇ ತಂತಿ ಬಿಗಿಯುತ್ತಾರೆ.

ದಕ್ಷಿಣ ಭಾರತದ ರೇಸ್ ತವರಾಗಿದ್ದದ್ದು ಮದರಾಸಿನ ಹತ್ತಿರದ ಷೋಲಾವರಂ, ಅದೂ ಯುದ್ಧಕಾಲದ ವಿಮಾನ ಪಟ್ಟಿಯೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಗಾಡಿಗಳನ್ನು ತಯಾರಿಸಿತು; ಅವು ಷೋಲಾವರಂನಲ್ಲೂ ಓಡಿದವು. ಅವುಗಳ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಪೆಟ್ರೋಲಿನ ಜೊತೆ ಬೆರೆತು ಉರಿದುಹೋಗುತ್ತದೆ. ಡ್ರೇನ್ ಬೋಲ್ಟ್ ಇರುವುದು ಗೇರ್ ಆಯಿಲಿಗೆ. ಟ್ರ್ಯಾಕಿನ ಮೇಲೆ ಚೆಲ್ಲಿದರೆ ಯಾವ ಆಯಿಲಾದರೇನು, ಅಪಾಯ ಒಂದೇ. ಗಡಿಯಾಚೆಯ ಹೊಸೂರಿನ ಟಿವಿಎಸ್ 1982ರಲ್ಲಿ ರೇಸಿಂಗ್ ವಿಭಾಗ ತೆರೆಯಿತು. 1990ರಲ್ಲಿ ಮದರಾಸಿನ ಬಳಿಯ ಇರುಂಗಾಟುಕೋಟೆಯ ಟ್ರ್ಯಾಕ್ ಬಂತು. ಅಂಥ ಕಡೆ ಗಾಡಿ ಟ್ರ್ಯಾಕಿಗೆ ಇಳಿಯುವ ಮುನ್ನ ತಪಾಸಣೆಗೆ ನಿಲ್ಲುತ್ತದೆ. ತಪಾಸಣೆಗಾರನಿಗೆ ತಂತಿಯೊಂದು ಸಾಕ್ಷಿ: ಈ ಬೋಲ್ಟಿಗೆ ಯಾರೋ ಒಬ್ಬರು ಮರೆಯದೆ ಕೈಹಾಕಿದ್ದಾರೆ.

ಭೀಮೆಯ ದಂಡೆಯ ಹಳ್ಳಿಗಳಿಗೆ ಮೋಟಾರ್‌ಸೈಕಲ್ ಬಂದ ಕತೆ ಬೇರೆ. 1985ರ ಹೀರೋ ಹೋಂಡಾ ಸಿಡಿ 100, ಆಮೇಲೆ 1994ರ ಸ್ಪ್ಲೆಂಡರ್ ಮೊದಲಾದ ಫೋರ್-ಸ್ಟ್ರೋಕ್ ಗಾಡಿಗಳು ಗಾಣಗಾಪುರದ ಯಾತ್ರೆಗೂ ತೊಗರಿ ಹೊಲಕ್ಕೂ ಸಮನಾಗಿ ಓಡಿದವು. ಇವುಗಳ ಬೋಲ್ಟಿನ ತಲೆಗೆ ಕಂಪನಿಯಿಂದ ತೂತು ಕೊರೆದು ಬರುವುದಿಲ್ಲ. ಬ್ರೇಕ್ ಕಡ್ಡಿಯಂಥ ಕಡೆ ಸ್ಪ್ಲಿಟ್ ಪಿನ್ ಇರುತ್ತದೆ, ಕೆಲವು ನಟ್ಟುಗಳ ಒಳಗೆ ನೈಲಾನ್ ಬಳೆ ಇರುತ್ತದೆ, ಚೈನಿಗೆ ಚೈನ್ ಲಾಕ್. ಈ ಲಾಕಿಗೂ ತಂತಿಯಂತೆಯೇ ದಿಕ್ಕಿದೆ: ಮುಚ್ಚಿದ ತುದಿ ಚೈನು ಓಡುವ ಕಡೆಗಿರಬೇಕು. ಬಾಯಿ ತೆರೆದ ತುದಿಯನ್ನು ಮುಂದಿಟ್ಟರೆ ಯಾವುದಕ್ಕಾದರೂ ತಾಗಿ ಲಾಕು ಹಾರಿಹೋದೀತು.

ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಆ ಕುಲುಕಾಟಕ್ಕೆ ಮಡ್‌ಗಾರ್ಡ್, ನಂಬರ್ ಪ್ಲೇಟು, ಸೈಲೆನ್ಸರಿನ ಪಟ್ಟಿ ಸಡಿಲಾದಾಗ ಬಳಸುವುದು ಮನೆ ಕಟ್ಟುವವರ ಬೈಂಡಿಂಗ್ ತಂತಿ. ಅದೂ ಹುರಿ, ಅದೂ ಪಕ್ಕಡಿನ ಕೆಲಸ, ಆದರೆ ಲಾಕ್‌ವೈರಲ್ಲ. ಬೋಲ್ಟು ಬಿದ್ದುಹೋದ ಮೇಲೆ ಅದರ ಬದಲಿಗೆ ಭಾರ ಹೊರಲು ಬರುವ ತಂತಿ ಇದು. ಮೆತ್ತನೆಯ ಕಬ್ಬಿಣವಾದ್ದರಿಂದ ತುಕ್ಕು ಹಿಡಿಯುತ್ತದೆ, ಸೈಲೆನ್ಸರಿನ ಕಾವಿಗೆ ಬೇಗ ಸವೆಯುತ್ತದೆ. ನಂಬರ್ ಪ್ಲೇಟಿಗೆ ಅಡ್ಡಿಯಿಲ್ಲ, ಬ್ರೇಕಿನ ಭಾಗಕ್ಕೆ ಸಲ್ಲದು.

ಸ್ಪ್ಲೆಂಡರ್‌ನಂಥ ಗಾಡಿಯ ಎಂಜಿನ್ನಿನಲ್ಲಿರುವುದು ಸುಮಾರು ಒಂದು ಲೀಟರ್ ಆಯಿಲ್. ಡ್ರೇನ್ ಬೋಲ್ಟ್ ಕಳಚಿದರೆ ಎಂಜಿನ್ ಸೀಜ್ ಆಗಲು ಹೆಚ್ಚು ಹೊತ್ತು ಬೇಡ. ಆದರೂ ಹೊಲದ ಗಾಡಿಯ ಡ್ರೇನ್ ಬೋಲ್ಟಿಗೆ ಇರುವ ದೊಡ್ಡ ಶತ್ರು ಸಡಿಲತನವಲ್ಲ, ಅತಿ ಬಿಗಿ. ಉದ್ದ ಪಾನಾ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂ ಮರೆ ಕಿತ್ತುಬರುತ್ತದೆ. ಅಂಥ ಮರೆಯಲ್ಲಿ ಬೋಲ್ಟಿಗೆ ಹಿಡಿತವೇ ಇರುವುದಿಲ್ಲ. ಎಷ್ಟು ಚೆನ್ನಾಗಿ ತಂತಿ ಕಟ್ಟಿದರೂ ಆಯಿಲ್ ಜಿನುಗುತ್ತದೆ. ಲೇಥಿನವರಲ್ಲಿ ಹೊಸ ಮರೆ ಹಾಕಿಸಿ, ತಾಮ್ರದ ಅಥವಾ ಅಲ್ಯೂಮಿನಿಯಂ ವಾಶರನ್ನು ಹೊಸದಾಗಿ ಕೂರಿಸಿ, ಅಳತೆಗೆ ತಕ್ಕಷ್ಟೇ ಬಿಗಿಯುವುದೇ ಅದಕ್ಕೆ ಪರಿಹಾರ.